ಕಂಪ್ಯೂಟರಿಗೂ ಜ್ವರ ಬರುತ್ತದೆ

ಏಪ್ರಿಲ್ ತಿಂಗಳ ಒಂದು ಶನಿವಾರ. ಶಾಲೆ ಮುಗಿಸಿ ಮನೆಗೆ ಬಂದು ಇನ್ನೂ ಬುರ್ಖಾ ತೆಗೆದಿರಲಿಲ್ಲ, ಬ್ಯಾಡಗಿಯಿಂದ ಆಪಾಳ ಫೋನ್ ಬಂತು.

"ಕಂಪ್ಯೂಟರ್ ಮತ್ತೆ ಬಂದ್ ಬಿದ್ದಿದೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಎಂಟು ಸಾವಿರ ಆಗುತ್ತದೆ ಅಂದರು. ನಿನ್ನ ಭಾವ ಸಿಟ್ಟಿನಲ್ಲಿದ್ದಾರೆ. ಮಗಳು ಬೆಳಗಿನಿಂದ ಊಟ ಮಾಡಿಲ್ಲ. ನಾಳೆ ಒಮ್ಮೆ ಬಂದು ಹೋಗು."

ಹಾವೇರಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು ನಾನು. ಹಾಗಾಗಿ ನಮ್ಮ ಕುಟುಂಬದಲ್ಲಿ ಯಾರ ಮೊಬೈಲ್ ಕೆಟ್ಟರೂ, ಯಾರ ಪ್ರಿಂಟರ್ ಮುನಿಸಿಕೊಂಡರೂ ಫೋನ್ ಬರುವುದು ನನಗೇ. ಆದರೆ ಆ ದಿನ ಆಪಾಳ ಧ್ವನಿಯಲ್ಲಿದ್ದುದು ಯಂತ್ರದ ಚಿಂತೆಯಷ್ಟೇ ಆಗಿರಲಿಲ್ಲ.

ಆ ಕಂಪ್ಯೂಟರ್ ಅವರ ಮನೆಗೆ ಸುಮ್ಮನೆ ಬಂದದ್ದಲ್ಲ. ಭಾವ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಆಪಾ ಎರಡು ವರ್ಷ ಕಟ್ಟಿದ ಚೀಟಿಯ ಹಣ ಕೈಗೆ ಬಂದಾಗ, ಕಿವಿಯೋಲೆ ಮಾಡಿಸಿಕೊಳ್ಳುವ ಆಸೆಯನ್ನು ಪಕ್ಕಕ್ಕಿಟ್ಟು ಮಕ್ಕಳಿಗೆಂದು ತೆಗೆಸಿಕೊಟ್ಟದ್ದು. ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಓದಿನ ಜೊತೆಗೆ ಓಣಿಯ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುತ್ತಾಳೆ, ಟೈಪಿಂಗ್ ಮಾಡಿಕೊಡುತ್ತಾಳೆ. ತನ್ನ ಪುಸ್ತಕ, ಬಸ್ಸಿನ ಖರ್ಚು ಅದರಲ್ಲೇ ನಡೆಯುತ್ತದೆ. ಮಗ ಪಿಯುಸಿ ಓದುವವನು. ರಾತ್ರಿ ಅವನ ಸರದಿ.

ಮೂರು ವಾರಗಳಿಂದ ಕಂಪ್ಯೂಟರ್ ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದಂತೆ ಆರಿಹೋಗುತ್ತಿತ್ತು. ಒಮ್ಮೆ ಹೀಗಾದಾಗ ಅವಳು ಟೈಪ್ ಮಾಡಿದ್ದ ಪ್ರಾಜೆಕ್ಟ್ ವರದಿಯ ಇಪ್ಪತ್ತೆರಡು ಪುಟಗಳು ಹಾಳಾದವು. ಇನ್ನೊಮ್ಮೆ ನೆರೆಮನೆಯ ಹುಡುಗಿಯ ಅರ್ಜಿ ಕೊನೆಯ ದಿನ ಅರ್ಧಕ್ಕೆ ನಿಂತು, ಬಿಸಿಲಿನಲ್ಲಿ ಸೈಬರ್ ಸೆಂಟರಿಗೆ ಓಡಬೇಕಾಯಿತು. ಮನೆಯಲ್ಲಿ ಎಲ್ಲರದೂ ಒಂದೇ ಮಾತು: "ದಿನವಿಡೀ ಹಚ್ಚಿಟ್ಟು ಕೂತರೆ ಇನ್ನೇನಾಗುತ್ತದೆ?" ತಪ್ಪೆಲ್ಲ ಹುಡುಗಿಯ ತಲೆಗೆ.

ಮುಚ್ಚಿದ ಪೆಟ್ಟಿಗೆಯೊಳಗೆ

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ತಿರುಗಿದರೆ ಸಾಕು, ಊರು ಕಾಣುವ ಮೊದಲೇ ಮೂಗಿಗೆ ಅದರ ಗುರುತು ಸಿಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುತ್ತಾರೆ. ಆದರೂ ಸುಗ್ಗಿಯ ದಿನಗಳಲ್ಲಿ ಆ ಊರಿನ ಗಾಳಿಯಲ್ಲಿ ನಾಲ್ಕು ಸೀನು ಸೀನದೆ ಒಳಬಂದವರಿಲ್ಲ.

ಆಪಾಳ ಮನೆಯ ಮುಂದಿನ ಕೋಣೆಗೆ ತಗಡಿನ ಛಾವಣಿ. ಪಶ್ಚಿಮದ ಗೋಡೆಗೆ ಒತ್ತಿ ಮೇಜು. ಮೇಜಿನ ಕೆಳಗಿನ ಕಪಾಟಿನಂಥ ಗೂಡಿನಲ್ಲಿ ಕಂಪ್ಯೂಟರಿನ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್. ಅದರ ಮೇಲೆ ಆಪಾ ತಾನೇ ಕಸೂತಿ ಹಾಕಿದ ಚೆಂದದ ಹೊದಿಕೆ. ಮುಂದೆ, ಹಿಂದೆ, ಎರಡೂ ಕಡೆ ಇಳಿಬಿದ್ದಿದೆ. "ಧೂಳು ಕೂರಬಾರದು ಅಂತ ಹಾಕಿದ್ದೇನೆ" ಎಂದಳು.

ನಮ್ಮಲ್ಲಿ ಹೆಚ್ಚಿನವರು ಹೀಗೇ ಮಾಡುತ್ತೇವೆ. ಟಿ.ವಿ.ಗೆ ಒಂದು ಹೊದಿಕೆ, ಫ್ರಿಜ್ಜಿಗೆ ಒಂದು, ಕಂಪ್ಯೂಟರಿಗೂ ಒಂದು. ಬಂದ್ ಮಾಡಿದ ಮೇಲೆ ಹೊದಿಸಿದರೆ ತಪ್ಪಿಲ್ಲ. ನಡೆಯುತ್ತಿರುವಾಗ ಹೊದಿಸಿದರೆ ಜ್ವರ ಬಂದ ಮಗುವಿಗೆ ಬಿಸಿಲಿನಲ್ಲಿ ಕಂಬಳಿ ಹೊದಿಸಿದ ಹಾಗೆ.

ವಿದ್ಯುತ್ ಪ್ಲಗ್ ತೆಗೆದು, ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಪಕ್ಕದ ತಗಡು ಬಿಚ್ಚಿದೆ. ಒಳಗಿನ ಫ್ಯಾನಿನ ರೆಕ್ಕೆಗಳ ಮೇಲೆ, ಅದರಡಿಯ ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲಿ ಕೆಂಪು ಮಿಶ್ರಿತ ಬೂದು ಬಣ್ಣದ ಧೂಳು ಹಾಸಿಗೆಯಂತೆ ಕೂತಿತ್ತು. ಬ್ರಷ್ ಆಡಿಸಿದ್ದೇ ತಡ, ನಾನೂ ಆಪಾಳೂ ದುಪಟ್ಟಾದಿಂದ ಮೂಗು ಮುಚ್ಚಿ ಅಂಗಳದ ಆ ತುದಿಗೆ ಓಡಿದೆವು. ಮೂರು ವಾರಗಳ ನಂತರ ಆ ಹುಡುಗಿಯ ಮುಖದಲ್ಲಿ ನಗು ಕಂಡದ್ದು ಆಗಲೇ.

ಅಂಗಡಿಯವರು ಈ ಪೆಟ್ಟಿಗೆಯನ್ನು ಬಿಚ್ಚಿಯೇ ಇರಲಿಲ್ಲ ಎಂಬುದು ಸ್ಪಷ್ಟವಿತ್ತು. ಆದರೆ ಧೂಳೊಂದೇ ಕಾರಣ ಎಂದು ನನಗನ್ನಿಸಲಿಲ್ಲ. ಚೊಕ್ಕ ಮಾಡಿದ ಮೇಲೂ, ಕೋಣೆಗೆ ತಂದು ಹಚ್ಚಿ, ಸ್ವಲ್ಪ ಭಾರದ ಕೆಲಸ ಕೊಟ್ಟ ಹತ್ತೇ ನಿಮಿಷಕ್ಕೆ ಪ್ರೊಸೆಸರಿನ ಉಷ್ಣತೆ 94 ಡಿಗ್ರಿ ತೋರಿಸಿತು. ಆ ಪ್ರೊಸೆಸರಿಗೆ ತಯಾರಕರು ಹಾಕಿದ ಮಿತಿಯೇ 90. ಕೋಣೆಯ ಗೋಡೆಗೆ ತೂಗುಹಾಕಿದ್ದ ಉಷ್ಣಮಾಪಕದಲ್ಲಿ 38.

ಕಂಪ್ಯೂಟರ್ ಶುರುವಾಗುವಾಗ ಒಂದು ಕೀಲಿ ಒತ್ತಿದರೆ ಬಯೋಸ್ ಎಂಬ ಪುಟ ತೆರೆದುಕೊಳ್ಳುತ್ತದೆ. ಯಂತ್ರದ ಮೂಲ ವ್ಯವಸ್ಥೆಗಳೆಲ್ಲ ಇರುವುದು ಅಲ್ಲಿ. ಅದನ್ನು ತೆರೆದು ನೋಡಿದೆ. ಪ್ರೊಸೆಸರಿನ ವೇಗವನ್ನು ಯಾರೋ ಕೈಯಿಂದ 4.6 ಗಿಗಾಹರ್ಟ್ಸ್‌ಗೆ ನಿಲ್ಲಿಸಿದ್ದರು. ವೋಲ್ಟೇಜನ್ನೂ ಏರಿಸಿದ್ದರು.

ಹಿಂದೆ ನಿಂತಿದ್ದ ಹುಡುಗ "ನೀರು ಕುಡಿದು ಬರುತ್ತೇನೆ" ಎಂದು ಒಳಗೆ ಹೋದ.

ಏನಿದು ಓವರ್‌ಕ್ಲಾಕಿಂಗ್?

ಸಹೋದರಿಯರೇ, ಮನೆಯಲ್ಲಿ ಹರೆಯದ ಹುಡುಗರಿದ್ದು, ಅವರ ಕೈಗೆ ಕಂಪ್ಯೂಟರ್ ಕೊಟ್ಟಿದ್ದರೆ ಈ ಪದವನ್ನು ನೀವೂ ಕೇಳಿರಬಹುದು. ಕೇಳಿರದಿದ್ದರೆ ಕೇಳುವ ದಿನ ದೂರವಿಲ್ಲ. ಹಾಗಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು. ಅದು ಒಂದು ತಾಳಕ್ಕೆ ಸರಿಯಾಗಿ ಕೆಲಸ ಮಾಡುತ್ತದೆ. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ತಾಳ. ತಯಾರಕರು ಪ್ರತಿ ಪ್ರೊಸೆಸರಿಗೂ ಒಂದು ವೇಗವನ್ನು ಗೊತ್ತು ಮಾಡಿರುತ್ತಾರೆ. ಆ ಮಿತಿ ದಾಟಿ ತಾಳವನ್ನು ಏರಿಸುವುದೇ ಓವರ್‌ಕ್ಲಾಕಿಂಗ್.

ಇದು ಹೊಸ ಹುಚ್ಚಲ್ಲ. 1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಬಿಡುಗಡೆ ಮಾಡಿತು. ಅದರ ವೇಗ 300 ಮೆಗಾಹರ್ಟ್ಸ್. ಆದರೆ ಮದರ್‌ಬೋರ್ಡಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೆ ಅದು 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಕಡಿಮೆ ಬೆಲೆಯ ವಸ್ತುವಿನಿಂದ ದುಬಾರಿ ವಸ್ತುವಿನ ಕೆಲಸ! ಜಗತ್ತಿನಾದ್ಯಂತ ಹುಡುಗರು ಇದರ ಹಿಂದೆ ಬಿದ್ದರು. ಇಂದು ಇದೊಂದು ಸ್ಪರ್ಧೆಯೇ ಆಗಿದೆ. 2022ರ ಡಿಸೆಂಬರಿನಲ್ಲಿ ಒಂದು ತಂಡ ಪ್ರೊಸೆಸರಿನ ಮೇಲೆ ದ್ರವ ಹೀಲಿಯಂ ಸುರಿದು 9 ಗಿಗಾಹರ್ಟ್ಸ್ ದಾಟಿಸಿತು. ದ್ರವ ಹೀಲಿಯಂ ಎಂದರೆ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ತಣ್ಣಗೆ! ಅಷ್ಟು ಚಳಿ ಯಾಕೆ ಬೇಕಾಯಿತು ಎಂದು ಕೇಳಿಕೊಂಡರೆ ವಿಷಯದ ಮೂಲ ಸಿಗುತ್ತದೆ. ಓವರ್‌ಕ್ಲಾಕಿಂಗ್‌ನ ನಿಜವಾದ ಲೆಕ್ಕ ವೇಗದ್ದಲ್ಲ, ಶಾಖದ್ದು.

ಶಾಖದ ಲೆಕ್ಕ

ಪ್ರೊಸೆಸರ್ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ವೇಗ ಎಷ್ಟು ಏರಿಸುತ್ತೀರೋ ಶಾಖವೂ ಅಷ್ಟೇ ಏರುತ್ತದೆ. ಆದರೆ ವೇಗ ಏರಿದಾಗ ಪ್ರೊಸೆಸರ್ ತಡವರಿಸದಿರಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವೋಲ್ಟೇಜಿನ ಪೆಟ್ಟು ಇಮ್ಮಡಿ ಬೀಳುತ್ತದೆ. ಅದರ ವರ್ಗದಷ್ಟು ಶಾಖ ಹೆಚ್ಚುತ್ತದೆ. ವೇಗ ಶೇಕಡಾ 10, ವೋಲ್ಟೇಜ್ ಶೇಕಡಾ 10 ಏರಿಸಿದರೆ ಶಾಖ ಏರುವುದು ಶೇಕಡಾ 10 ಅಲ್ಲ, ಸುಮಾರು 33.

ಈ ಶಾಖವನ್ನು ಹೊರಗೆ ಸಾಗಿಸಲು ಪ್ರೊಸೆಸರಿನ ಮೇಲೆ ಹೀಟ್‌ಸಿಂಕ್ ಎಂಬ ಲೋಹದ ಪಟ್ಟಿಗಳ ಗಡ್ಡೆ, ಅದರ ಮೇಲೆ ಫ್ಯಾನು ಇರುತ್ತದೆ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಕಣ್ಣಿಗೆ ಕಾಣದ ಸಂದುಗಳನ್ನು ತುಂಬಲು ಥರ್ಮಲ್ ಪೇಸ್ಟ್ ಎಂಬ ಲೇಪ ಹಚ್ಚಿರುತ್ತಾರೆ. ಫ್ಯಾನು ಕೋಣೆಯ ಗಾಳಿಯನ್ನೇ ಬೀಸುತ್ತದೆ. ಹಾಗಾಗಿ ಎಷ್ಟೇ ದೊಡ್ಡ ಫ್ಯಾನ್ ಹಾಕಿದರೂ ಪ್ರೊಸೆಸರ್ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಕೋಣೆಯ ಉಷ್ಣತೆಯ ಮೇಲೆ ಇಂತಿಷ್ಟು ಡಿಗ್ರಿ ಎಂದೇ ಅದರ ಲೆಕ್ಕ.

ಇಲ್ಲಿದೆ ನಮ್ಮ ಹುಡುಗರು ಎಡವುವ ಜಾಗ. ನೀರು ಕುಡಿದು ಬಂದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದೆ. ತಲೆ ತಗ್ಗಿಸಿ ಹೇಳಿದ:

"ಖಾಲಾ, ಡಿಸೆಂಬರಿನಲ್ಲಿ ಮಾಡಿದ್ದು. ಆಗ ಏನೂ ತೊಂದರೆ ಇರಲಿಲ್ಲ. ರಾತ್ರಿಯೆಲ್ಲ ಪರೀಕ್ಷೆ ಮಾಡಿದ್ದೆ. 78 ದಾಟಲಿಲ್ಲ. ವಿಡಿಯೋದಲ್ಲಿ 80ರೊಳಗೆ ಇದ್ದರೆ ಭಯವಿಲ್ಲ ಅಂತ ಹೇಳಿದ್ದರು."

"ಆ ರಾತ್ರಿ ಕೋಣೆ ಎಷ್ಟು ತಣ್ಣಗಿತ್ತು?"

"ಇಪ್ಪತ್ತೆರಡೋ ಏನೋ."

ಅವನ ಕೈಯಲ್ಲೇ ಕಾಗದ ಕೊಟ್ಟು ಲೆಕ್ಕ ಮಾಡಿಸಿದೆ. 78ರಿಂದ 22 ಕಳೆದರೆ 56. ಅಂದರೆ ಆ ವೇಗದಲ್ಲಿ ಪ್ರೊಸೆಸರ್ ಕೋಣೆಗಿಂತ 56 ಡಿಗ್ರಿ ಮೇಲೆ ನಿಲ್ಲುತ್ತದೆ. ಈಗ ಕೋಣೆ 38. ಅದಕ್ಕೆ 56 ಕೂಡಿಸಿದರೆ 94. ಹುಡುಗ ಪರದೆಯ ಮೇಲಿನ ಅಂಕಿ ನೋಡಿದ, ಕಾಗದ ನೋಡಿದ, ಮಾತಾಡಲಿಲ್ಲ.

ಅವನ ಪರೀಕ್ಷೆ ಸುಳ್ಳಾಗಿರಲಿಲ್ಲ. ಚಳಿಗಾಲದ ರಾತ್ರಿಯಲ್ಲಿ ಪಾಸಾದ ಯಂತ್ರವನ್ನು ಅವನು ಬೇಸಿಗೆಯ ಮಧ್ಯಾಹ್ನಕ್ಕೆ ಬಿಟ್ಟಿದ್ದ, ಅಷ್ಟೇ. ರಾತ್ರಿ ಹತ್ತರ ಮೇಲೆ ಅವನು ಆಡುವಾಗ ಕೋಣೆ ತಂಪಾಗಿರುತ್ತಿತ್ತು, ಯಂತ್ರ ಸುಮ್ಮನೆ ನಡೆಯುತ್ತಿತ್ತು. ಮಧ್ಯಾಹ್ನ ಎರಡಕ್ಕೆ, ತಗಡು ಕಾದ ಕೋಣೆಯಲ್ಲಿ, ಧೂಳು ಕಟ್ಟಿದ ಫ್ಯಾನಿನ ಎದುರು ಕುಳಿತವಳು ಅಕ್ಕ. ತಪ್ಪು ಒಬ್ಬರದು, ಕೆಟ್ಟ ಹೆಸರು ಇನ್ನೊಬ್ಬರದು.

ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹಳಷ್ಟು ತಂಪು ದೇಶಗಳಿಂದ ಬಂದವು. ಹೊರಗೆ ಹಿಮ ಬೀಳುವ ಊರಿನಲ್ಲಿ 20 ಡಿಗ್ರಿಯ ಕೋಣೆಯಲ್ಲಿ ಕುಳಿತವನು ಕೊಟ್ಟ ಅಂಕಿಗೆ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಬೇಸಿಗೆಯಲ್ಲಿ ಹದಿನೆಂಟು ಇಪ್ಪತ್ತು ಡಿಗ್ರಿ ಕೂಡಿಸಿಯೇ ಓದಬೇಕು.

ಬಿಸಿಯಾದರೆ ಏನಾಗುತ್ತದೆ?

ಇಂದಿನ ಪ್ರೊಸೆಸರುಗಳು ಜಾಣ. ಮಿತಿ ಹತ್ತಿರ ಬಂದರೆ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಆಗ ಕಂಪ್ಯೂಟರ್ ಮಂದವಾಗುತ್ತದೆ. ಇನ್ನೂ ಬಿಸಿಯಾದರೆ ಸುಟ್ಟುಹೋಗದಂತೆ ಪೂರ್ತಿ ಆರಿಹೋಗುತ್ತವೆ. ಹಾಗಾಗಿ ಒಂದೇ ದಿನದಲ್ಲಿ ಕರಕಲಾಗುವ ಭಯ ಈಗ ಕಡಿಮೆ. ಆದರೆ ಕೈಯಿಂದ ವೇಗ, ವೋಲ್ಟೇಜ್ ಕಟ್ಟಿಹಾಕಿದಾಗ ಮಿತಿ ಮುಟ್ಟುವ ಮೊದಲೇ ಇನ್ನೊಂದು ತೊಂದರೆ ಶುರುವಾಗುತ್ತದೆ. ತಂಪಿನಲ್ಲಿ ಸರಿಯಾಗಿ ನಡೆದ ವೇಗವೇ ಬಿಸಿಯಲ್ಲಿ ಲೆಕ್ಕ ತಪ್ಪುತ್ತದೆ. ಪರದೆ ನೀಲಿಯಾಗಿ ನಿಲ್ಲುವುದು, ತಾನಾಗಿ ಆರಿ ಮತ್ತೆ ಹತ್ತುವುದು, ಬರೆದಿಟ್ಟ ಕಡತ ತೆರೆಯದಿರುವುದು ಇವೆಲ್ಲ ಇದರ ಲಕ್ಷಣಗಳು. ಪ್ರಾಜೆಕ್ಟಿನ ಇಪ್ಪತ್ತೆರಡು ಪುಟಗಳು ಹೋದದ್ದು ಹೀಗೆ.

ಹೆಚ್ಚಿನ ವೋಲ್ಟೇಜ್ ಮತ್ತು ಶಾಖ ಎರಡೂ ಸೇರಿ ತಿಂಗಳುಗಟ್ಟಲೆ ನಡೆದರೆ ಪ್ರೊಸೆಸರಿನ ಆಯುಷ್ಯ ಕಡಿಮೆಯಾಗುತ್ತದೆ. ಇದು ಹುಡುಗರ ಕೈಚಳಕಕ್ಕೆ ಮಾತ್ರ ಸೀಮಿತವಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು ಅಸ್ಥಿರವಾಗುತ್ತಿವೆ ಎಂದು 2024ರಲ್ಲಿ ಆ ಕಂಪನಿಯೇ ಒಪ್ಪಿಕೊಂಡು, ತಿದ್ದುಪಡಿ ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಆದ ಹಾನಿಯನ್ನು ಮಾತ್ರ ಆ ತಿದ್ದುಪಡಿ ಸರಿಪಡಿಸಲಾರದಾಗಿತ್ತು. ಕಾರ್ಖಾನೆಯವರ ಲೆಕ್ಕವೇ ತಪ್ಪಬಹುದಾದರೆ ನಮ್ಮ ಮನೆಯ ಹುಡುಗನ ಲೆಕ್ಕದ ಬಗ್ಗೆ ಹೇಳುವುದೇನು? ಅಲ್ಲದೆ, ಓವರ್‌ಕ್ಲಾಕ್ ಮಾಡಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಮೊದಲೇ ಹೇಳಿಡಬೇಕು.

ಈ ವಿಷಯ ಬ್ಯಾಡಗಿಯವರಿಗೆ ಬೇಗ ಅರ್ಥವಾಗಬೇಕು. ಊರ ಸುತ್ತ ಸಾಲು ಸಾಲು ಕೋಲ್ಡ್ ಸ್ಟೋರೇಜ್ ಇರುವುದು ಯಾಕೆ? ಬಿಸಿಯಲ್ಲಿಟ್ಟರೆ ಮೆಣಸಿನಕಾಯಿಯ ಬಣ್ಣ ಮಾಸುತ್ತದೆ, ಬಣ್ಣ ಮಾಸಿದರೆ ಬೆಲೆ ಇಳಿಯುತ್ತದೆ. ಒಂದು ದಿನದ ಬಿಸಿಗೆ ಏನೂ ಕಾಣುವುದಿಲ್ಲ; ತಿಂಗಳುಗಳ ಬಿಸಿಗೆ ಚೀಲ ಬಿಚ್ಚಿದಾಗ ಗೊತ್ತಾಗುತ್ತದೆ. ಭಾವನಿಗೆ ಇದನ್ನು ಹೀಗೆ ಹೇಳಿದಾಗ ಅವರು ತಟ್ಟನೆ ಹಿಡಿದುಕೊಂಡರು.

ಅಷ್ಟಕ್ಕೂ ಲಾಭವೆಷ್ಟು?

ಹುಡುಗನ ಬಳಿ ಇನ್ನೊಂದು ಲೆಕ್ಕವನ್ನೂ ಮಾಡಿಸಿದೆ. ಅವನ ಪ್ರೊಸೆಸರ್ ಬೇಕಾದಾಗ ತಾನಾಗಿಯೇ 4.4 ಗಿಗಾಹರ್ಟ್ಸ್ ವರೆಗೆ ಏರುವಂಥದ್ದು. ಇವನು ಮಾಡಿದ್ದು 4.6. ಹೆಚ್ಚಿದ್ದು ಶೇಕಡಾ 5ಕ್ಕೂ ಕಡಿಮೆ. ನೂರು ನಿಮಿಷ ಹಿಡಿಯುವ ಕೆಲಸ ಹೆಚ್ಚೆಂದರೆ ತೊಂಬತ್ತಾರು ನಿಮಿಷಕ್ಕೆ ಮುಗಿದೀತು. ಆಟಗಳ ವೇಗವಂತೂ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡನ್ನು ಅವಲಂಬಿಸಿರುತ್ತದೆ. ಪ್ರೊಸೆಸರನ್ನು ಎಷ್ಟು ದುಡಿಸಿದರೂ ಅಲ್ಲಿ ಕಾಣುವ ವ್ಯತ್ಯಾಸ ಅತ್ಯಲ್ಪ. ಹಿಂದೆ ತಯಾರಕರು ಬಿಟ್ಟಿರುತ್ತಿದ್ದ ಹೆಚ್ಚುವರಿ ಶಕ್ತಿಯನ್ನು ಇಂದಿನ ಪ್ರೊಸೆಸರುಗಳು ತಾವೇ ಬಳಸಿಕೊಳ್ಳುತ್ತವೆ. 1998ರ ಹುಡುಗರಿಗೆ ಸಿಕ್ಕ ಶೇಕಡಾ 50ರ ಲಾಭ ಇಂದಿನವರಿಗೆ ಉಳಿದಿಲ್ಲ.

ಇದಕ್ಕೆ ತದ್ವಿರುದ್ಧವಾದ ದಾರಿಯೊಂದಿದೆ, ನಮ್ಮ ಬಿಸಿಲಿಗೆ ಅದೇ ಒಪ್ಪುವಂಥದ್ದು. ವೇಗವನ್ನು ಶೇಕಡಾ 5, ವೋಲ್ಟೇಜನ್ನು ಶೇಕಡಾ 10 ಇಳಿಸಿದರೆ ಶಾಖ ಸುಮಾರು ಶೇಕಡಾ 23 ಇಳಿಯುತ್ತದೆ. ಇಷ್ಟು ವೇಗ ಕಡಿಮೆಯಾದದ್ದು ಟೈಪಿಂಗ್ ಮಾಡುವವರಿಗೆ, ಅರ್ಜಿ ತುಂಬುವವರಿಗೆ ಗೊತ್ತೇ ಆಗುವುದಿಲ್ಲ. ಕೈಯಿಂದ ಏನೂ ಬದಲಾಯಿಸಲು ಇಷ್ಟವಿಲ್ಲದಿದ್ದರೆ ಹಲವು ಮದರ್‌ಬೋರ್ಡುಗಳ ಬಯೋಸ್‌ನಲ್ಲಿ 'ಇಕೋ ಮೋಡ್' ಎಂಬ ಆಯ್ಕೆಯೇ ಇರುತ್ತದೆ. ಮಾರ್ಚ್‌ನಿಂದ ಮೇ ವರೆಗೆ ಅದನ್ನು ಹಾಕಿಟ್ಟರೆ ಯಂತ್ರವೂ ತಂಪು, ಕರೆಂಟೂ ಉಳಿತಾಯ.

ಮನೆಯಲ್ಲೇ ಮಾಡಬಹುದಾದ ಆರೈಕೆ

ಓವರ್‌ಕ್ಲಾಕಿಂಗ್ ಮಾಡಲಿ, ಬಿಡಲಿ, ನಮ್ಮ ಭಾಗದ ಮನೆಗಳಲ್ಲಿ ಕಂಪ್ಯೂಟರಿಗೆ ಆರೈಕೆ ಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಧೂಳು, ರಾಣೆಬೆನ್ನೂರಿನ ಕಡೆ ಹತ್ತಿಯ ಎಳೆ, ಎಲ್ಲ ಕಡೆ ರಸ್ತೆಯ ಮಣ್ಣು, ಮನೆಯೊಳಗೆ ಒಗ್ಗರಣೆಯ ಹೊಗೆ, ಲೋಬಾನದ ಹೊಗೆ. ಎಣ್ಣೆಯ ಹೊಗೆಗೆ ಧೂಳು ಅಂಟಿದರೆ ಫ್ಯಾನಿನ ಮೇಲೆ ಲೇಪವೇ ಆಗಿಬಿಡುತ್ತದೆ. ಈ ಕೆಲವು ಮಾತುಗಳನ್ನು ನೆನಪಿಡಿ:

* ಕ್ಯಾಬಿನೆಟ್ಟನ್ನು ನೆಲದ ಮೇಲೆ, ಕಪಾಟಿನ ಗೂಡಿನಲ್ಲಿ, ಬಿಸಿಲು ಬೀಳುವ ಗೋಡೆಗೆ ಒತ್ತಿ ಇಡಬೇಡಿ. ಹಿಂದೆ, ಮುಂದೆ ಒಂದು ಗೇಣಾದರೂ ಜಾಗವಿರಲಿ. ಅಡುಗೆಮನೆಯ ಬಾಗಿಲಿಗೆ ಎದುರಾಗಿ ಬೇಡ.

* ನಡೆಯುತ್ತಿರುವಾಗ ಹೊದಿಕೆ ತೆಗೆದಿಡಿ. ಬಂದ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಹೊದಿಸಿ.

* ಬಿಸಿಯಾಗುತ್ತದೆಂದು ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನ್ ಹಚ್ಚುವವರಿದ್ದಾರೆ. ಒಂದು ದಿನದ ತುರ್ತಿಗೆ ಸರಿ. ದಿನವೂ ಹಾಗೆ ಬಿಟ್ಟರೆ ಓಣಿಯ ಧೂಳೆಲ್ಲ ಒಳಗೆ. ಮುಂದಿನ ಫ್ಯಾನು ಗಾಳಿಯನ್ನು ಒಳಗೆಳೆಯುವಂತೆ, ಹಿಂದಿನದು ಹೊರಗೆ ದೂಡುವಂತೆ ಇದೆಯೇ ಎಂದು ತೆಳುವಾದ ಕಾಗದದ ಚೂರು ಹಿಡಿದು ನೋಡಿ.

* ನೀರು ಹಾಕುವ ಕೂಲರಿನ ಗಾಳಿ ನೇರವಾಗಿ ಕ್ಯಾಬಿನೆಟ್ಟಿಗೆ ಬಡಿಯದಿರಲಿ. ಕೋಣೆ ತಂಪಾದರೆ ಸಾಕು, ಯಂತ್ರಕ್ಕೆ ತೇವ ಬೇಡ.

* ಎರಡು ತಿಂಗಳಿಗೊಮ್ಮೆ, ಮೆಣಸಿನಕಾಯಿಯ ಸುಗ್ಗಿಯಲ್ಲಿ ತಿಂಗಳಿಗೊಮ್ಮೆ ಚೊಕ್ಕ ಮಾಡಿ. ಪ್ಲಗ್ ಪೂರ್ತಿ ತೆಗೆಯಿರಿ. ನಂತರ ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಒಳಗುಳಿದ ವಿದ್ಯುತ್ ಇಳಿದುಹೋಗುತ್ತದೆ. ಮೃದುವಾದ ಒಣ ಬ್ರಷ್, ಗಾಳಿ ಊದುವ ಬ್ಲೋವರ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗರಗರ ತಿರುಗಲು ಬಿಡಬೇಡಿ. ಒದ್ದೆ ಬಟ್ಟೆ ಬೇಡ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಮರೆಯಬೇಡಿ, ಸಣ್ಣ ಮಕ್ಕಳನ್ನು ದೂರ ಕಳಿಸಿ.

* ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

* ಚೊಕ್ಕ ಮಾಡಿದ ಮೇಲೂ ಬಿಸಿ ಇಳಿಯದಿದ್ದರೆ ಥರ್ಮಲ್ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ನಡುವೆ ಇಟ್ಟು ಹೀಟ್‌ಸಿಂಕ್ ಕೂರಿಸಬೇಕು. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಎಂಬುದು ತಪ್ಪು. ಒಣಗಿದ ಪೇಸ್ಟು ಅಂಟಿನಂತೆ ಹಿಡಿದಿರುತ್ತದೆ. ಹೀಟ್‌ಸಿಂಕನ್ನು ನೇರ ಮೇಲಕ್ಕೆಳೆದರೆ ಪ್ರೊಸೆಸರೇ ಕಿತ್ತು ಬಂದು ಸೂಜಿಯಂಥ ಕಾಲುಗಳು ಬಾಗಬಹುದು. ಬಿಚ್ಚುವ ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ನಡೆಸಿ ಪೇಸ್ಟು ಮೆದುವಾಗಲು ಬಿಡಿ, ಬಂದ್ ಮಾಡಿ ಪ್ಲಗ್ ತೆಗೆದು, ಆಮೇಲೆ ಮೆಲ್ಲಗೆ ಆಚೀಚೆ ತಿರುಗಿಸಿ ಎತ್ತಿ. ಅಭ್ಯಾಸವಿಲ್ಲದವರು ಬಲ್ಲವರಿಂದ ಮಾಡಿಸುವುದು ಲೇಸು.

* ಉಷ್ಣತೆ ನೋಡಲು ಎಚ್‌ಡಬ್ಲ್ಯೂ ಇನ್ಫೋ, ಕೋರ್ ಟೆಂಪ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬೇಸಿಗೆಯಲ್ಲಿ ಸುಮ್ಮನಿದ್ದಾಗ 45ರಿಂದ 55, ಭಾರದ ಕೆಲಸದಲ್ಲಿ 80ರ ಆಸುಪಾಸು ಇದ್ದರೆ ನೆಮ್ಮದಿ. 85 ದಾಟುತ್ತಿದ್ದರೆ ಪೆಟ್ಟಿಗೆ ಬಿಚ್ಚಿ ನೋಡುವ ಹೊತ್ತು ಬಂದಿದೆ ಎಂದು ತಿಳಿಯಿರಿ. ನಿಮ್ಮ ಪ್ರೊಸೆಸರಿನ ಮಿತಿ ಎಷ್ಟೆಂಬುದು ತಯಾರಕರ ವಿವರಪಟ್ಟಿಯಲ್ಲಿರುತ್ತದೆ.

ಹುಡುಗ ಕೇಳಿಯೇ ಕೇಳುತ್ತಾನೆ, ಏನು ಮಾಡುವುದು?

ಬೇಡವೆಂದರೆ ಕದ್ದು ಮಾಡುತ್ತಾರೆ. ಇದು ನಾನು ಶಾಲೆಯಲ್ಲಿ ದಿನವೂ ಕಾಣುವ ಸತ್ಯ. ಯಂತ್ರದ ಒಳಗು ತಿಳಿಯಬೇಕೆಂಬ ಹುಡುಗರ ಆಸೆ ಕೆಟ್ಟದ್ದೂ ಅಲ್ಲ. ಹುಡುಗಿಯರಿಗೂ ಆ ಆಸೆ ಬರಲಿ ಎಂದು ನಾನು ಬಯಸುವವಳು. ಹಾಗಾಗಿ ನಿಯಮ ಹಾಕಿ ಬಿಡುವುದೇ ಮೇಲು. ಮನೆಯ ಕೆಲಸ ನಡೆಯುವ ಯಂತ್ರದಲ್ಲಿ, ಮನೆಯವರಿಗೆ ಹೇಳದೆ ಪ್ರಯೋಗ ಬೇಡ. ಮಾಡುವ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಡಬೇಕು. ಕಂಪ್ಯೂಟರಿನ ಜೊತೆ ಬಂದ ಸಣ್ಣ ಫ್ಯಾನಿನ ಮೇಲೆ ಸಾಹಸ ಬೇಡ. ದೊಡ್ಡ ಕೂಲರ್ ಇದ್ದರೆ ಮಾತ್ರ. ವೇಗವನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸಬೇಕು, ವೋಲ್ಟೇಜನ್ನು ಆದಷ್ಟು ಮುಟ್ಟಬಾರದು. ಪರೀಕ್ಷೆಯನ್ನು ರಾತ್ರಿಯಲ್ಲ, ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡಕ್ಕೆ, ಕನಿಷ್ಠ ಒಂದು ಗಂಟೆ ಮಾಡಬೇಕು. ಅಲ್ಲಿ ಪಾಸಾದದ್ದು ವರ್ಷವಿಡೀ ಪಾಸು. ಏನೇ ಗೊಂದಲವಾದರೂ ಬಯೋಸ್‌ನಲ್ಲಿ 'ಲೋಡ್ ಡಿಫಾಲ್ಟ್ಸ್' ಎಂಬ ಆಯ್ಕೆ ಒತ್ತಿದರೆ ಎಲ್ಲವೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ.

ಆ ಸಂಜೆ

ನಾವೂ ಅದನ್ನೇ ಒತ್ತಿದೆವು. ರಾಣೆಬೆನ್ನೂರಿನಿಂದ ಥರ್ಮಲ್ ಪೇಸ್ಟಿನ ಸಣ್ಣ ಟ್ಯೂಬು ತರಿಸಿ ಹಚ್ಚಿದೆವು. ಕ್ಯಾಬಿನೆಟ್ ಗೂಡಿನಿಂದ ಹೊರಬಂದು, ಪೂರ್ವದ ಗೋಡೆಯ ಬದಿಯ ಸ್ಟೂಲಿನ ಮೇಲೆ ಕೂತಿತು. ಅದೇ 38 ಡಿಗ್ರಿಯ ಕೋಣೆಯಲ್ಲಿ ಭಾರದ ಕೆಲಸ ಕೊಟ್ಟಾಗ ಈಗ 79 ತೋರಿಸಿತು. ಇಕೋ ಮೋಡ್ ಹಾಕಿದಾಗ 71. ಒಂದು ಗಂಟೆ ನಡೆಸಿದರೂ ಆರಲಿಲ್ಲ. ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ. ಆಪಾಳ ಎಂಟು ಸಾವಿರ ಉಳಿಯಿತು.

ಹುಡುಗನಿಗೆ ನಾನು ಹೇಳಿದ್ದು ಒಂದೇ: "ಯಂತ್ರ ಸರಿಯಾಯಿತು. ಅಬ್ಬಾನಿಗೆ ನಾನು ಹೇಳುವುದಿಲ್ಲ, ನೀನೇ ಹೇಳಬೇಕು."

ರಾತ್ರಿ ಊಟದ ದಸ್ತರಖಾನಿನ ಮುಂದೆ ಅವನು ಹೇಳಿದ. ಡಿಸೆಂಬರಿನಲ್ಲಿ ಮಾಡಿದ್ದು, ಇದರಿಂದಲೇ ಆರುತ್ತಿರಬಹುದೆಂದು ಎರಡು ವಾರಗಳ ಹಿಂದೆಯೇ ಅನುಮಾನ ಬಂದದ್ದು, ಬೈಗುಳಕ್ಕೆ ಹೆದರಿ ಸುಮ್ಮನಿದ್ದದ್ದು, ಎಲ್ಲವನ್ನೂ. ಭಾವ ಕೈಯಲ್ಲಿದ್ದ ತುತ್ತು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಯುತ್ತಾರೆಂದು ನಾವೆಲ್ಲ ಕಾಯುತ್ತಿದ್ದೆವು. ಅವರು ಮಗನತ್ತ ನೋಡಲಿಲ್ಲ, ಮಗಳತ್ತ ನೋಡಿದರು.

"ಬೇಟಿ, ಇಷ್ಟು ದಿನ ನಿನ್ನನ್ನು ಸುಮ್ಮನೆ ಬೈದೆ" ಎಂದರು.

ಅವಳು ಏನೂ ಹೇಳಲಿಲ್ಲ. ಅಬ್ಬಾನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ತಮ್ಮನ ತಟ್ಟೆಗೂ ಹಾಕಿದಳು. ಮರುದಿನದಿಂದ ಕಳೆದುಹೋದ ಇಪ್ಪತ್ತೆರಡು ಪುಟಗಳನ್ನು ಅವಳು ಓದಿ ಹೇಳುತ್ತ ಹೋದಳು, ತಮ್ಮ ಟೈಪ್ ಮಾಡಿದ. ಅದು ಅಕ್ಕ ಹಾಕಿದ ದಂಡ.

ನಮ್ಮ ಮನೆಗಳಲ್ಲಿ ವಸ್ತು ಕೆಟ್ಟಾಗ ಮೊದಲು ಹುಡುಕುವುದು ಕಾರಣವನ್ನಲ್ಲ, ಬೈಯಲು ಸಿಗುವವರನ್ನು. ಹೆಚ್ಚಾಗಿ ಅದು ಆ ವಸ್ತುವಿನ ಮುಂದೆ ಕುಳಿತು ಕೆಲಸ ಮಾಡುವ ಹೆಣ್ಣುಮಗಳೇ ಆಗಿರುತ್ತಾಳೆ. ಒಂದು ಸ್ಕ್ರೂಡ್ರೈವರ್, ಒಂದು ಉಷ್ಣಮಾಪಕ, ಸ್ವಲ್ಪ ತಾಳ್ಮೆ ಇದ್ದಿದ್ದರೆ ಮೂರು ವಾರಗಳ ಕಣ್ಣೀರು ಉಳಿಯುತ್ತಿತ್ತು.

ಕಳೆದ ಬಾರಿ ಹೋದಾಗ ನೋಡಿದೆ. ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿದ್ದಾರೆ. ತಾರೀಖು, ಕೋಣೆಯ ಉಷ್ಣತೆ, ಪ್ರೊಸೆಸರಿನ ಉಷ್ಣತೆ, ಚೊಕ್ಕ ಮಾಡಿದ ದಿನ ಎಂದು ನಾಲ್ಕು ಸಾಲು. ಮಧ್ಯಾಹ್ನದ ಅಂಕಿಗಳು ಅಕ್ಕನ ಅಕ್ಷರದಲ್ಲಿ, ರಾತ್ರಿಯವು ತಮ್ಮನ ಅಕ್ಷರದಲ್ಲಿ. ಕಸೂತಿಯ ಹೊದಿಕೆ ಮಡಚಿ ಮೇಜಿನ ಮೇಲಿತ್ತು. ಆಪಾ ನಕ್ಕು ಹೇಳಿದಳು: "ಈಗ ಮಲಗುವಾಗ ಮಾತ್ರ ಹೊದಿಸುತ್ತೇನೆ."